ಹಗಲು ತ್ರೀಫೇಸ್ ಬಂತು ಅಂತ ಬೋರ್ ಮೋಟರಿನ ಡಿಲೇ ಟೈಮರ್ ಕಿತ್ತು ಆಟೋ ನೇರ ಕೊಟ್ಟವರಿಗೆ

ಗೌರಿಬಿದನೂರು ಕಡೆಯ ತಮ್ಮ ನಿನ್ನೆ ಹಾಕಿದ ಪೋಸ್ಟ್ ಎರಡು ಸಲ ಓದಿದೆ. "ನಮ್ಮ ಫೀಡರ್ ಸೋಲಾರ್ ಪ್ಲಾಂಟಿಗೆ ಸೇರಿತು, ಇನ್ನು ಹಗಲೇ ಏಳು ಗಂಟೆ ತ್ರೀಫೇಸ್. ಡಿಲೇ ಟೈಮರ್ ಕಿತ್ತು ಆಟೋ ನೇರ ಕೊಟ್ಟಿದ್ದೀನಿ. ತೊಟ್ಟಿ ಒಡೆಸಿ ಆ ಜಾಗಕ್ಕೆ ಹಸು ಶೆಡ್ ಮಾಡ್ತೀನಿ. ಕೆಪಾಸಿಟರ್ ಇನ್ನೂ ಬೇಕಾ?" ಅಂತ ಕೇಳಿದ್ದಾರೆ. ಕೆಳಗೆ ಹದಿನೈದು ಜನ ಹೆಬ್ಬೆಟ್ಟು ಒತ್ತಿ "ಸೂಪರ್ ಬ್ರೋ" ಅಂದಿದ್ದಾರೆ. ಒಬ್ಬರಾದರೂ ಬೇಡ ಅನ್ನಬಾರದಾ?

ಡಿಲೇ ವಿಷಯ ಮೊದಲು. ಆಟೋ ಅಂದರೆ ಕರೆಂಟ್ ಬಂದ ಕೂಡಲೇ ತಾನೇ ಮೋಟರ್ ಎಬ್ಬಿಸೋದು, ಡಿಲೇ ಅಂದರೆ ಅದನ್ನ ಸ್ವಲ್ಪ ಹೊತ್ತು ಕಾಯಿಸೋ ಟೈಮರ್. ಅದನ್ನ ಇವತ್ತೇ ವಾಪಸ್ ಹಾಕಿ.

ನಮ್ಮದು ಶಿರಾ ತಾಲ್ಲೂಕು. 2018ರ ಬೇಸಿಗೆಯಲ್ಲಿ ನಮ್ಮ ಫೀಡರನ್ನ, ಅಂದರೆ ಸಬ್‌ಸ್ಟೇಷನ್ನಿಂದ ನಮ್ಮ ಪಂಪ್‌ಸೆಟ್ಟುಗಳಿಗೆ ಬರೋ ಲೈನನ್ನ, ರಾತ್ರಿ ಬ್ಯಾಚಿಂದ ಹಗಲು ಬ್ಯಾಚಿಗೆ ತಂದರು. ಸೋಲಾರ್ ಅಲ್ಲ, ಬರೀ ಟೈಮಿಂಗ್ ಬದಲು. ಊರಿಗೆ ಊರೇ ಖುಷಿ. ರಾತ್ರಿ ಹಾವು ಚೇಳಿನ ಭಯ ಇಲ್ಲ, ಟಾರ್ಚ್ ಹಿಡ್ಕೊಂಡು ಗೇಟ್‌ವಾಲ್ ತಿರುಗಿಸೋದು ತಪ್ಪಿತು. ನಾನೂ ಬುದ್ಧಿವಂತ ಅಂದ್ಕೊಂಡು ಡಿಲೇ ಎಲ್ಲ ಸೊನ್ನೆಗೆ ತಂದೆ. ಕರೆಂಟ್ ಬಂದ ಸೆಕೆಂಡಿಗೇ ಮೋಟರ್ ಹೊಡೀಬೇಕು, ಏಳು ಗಂಟೇಲಿ ಒಂದು ನಿಮಿಷವೂ ದಂಡ ಆಗಬಾರದು ಅನ್ನೋ ದುರಾಸೆ. ಅಕ್ಕಪಕ್ಕದವರೂ ನನ್ನ ನೋಡಿ ಹಾಗೇ ಮಾಡಿದರು. ಅದು ನನ್ನ ಪಾಪ.

ನಮ್ಮದು 63 ಕೆವಿಎ ಟಿಸಿ, ಅಂದರೆ ಕಂಬದ ಟ್ರಾನ್ಸ್‌ಫಾರ್ಮರ್. ಅದು ತಡೆಯೋದು ಒಂದೊಂದು ಫೇಸಿಗೆ 84 ಆಂಪ್. ಇಲಾಖೆ ಪುಸ್ತಕದಲ್ಲಿ 14 ಐಪಿ ಸೆಟ್ (ನೀರಾವರಿ ಪಂಪ್‌ಸೆಟ್), ಕಂಬ ನೋಡಿದರೆ 17. ಐದು ಎಚ್‌ಪಿ ಸಬ್‌ಮರ್ಸಿಬಲ್ ಓಡುವಾಗ ಒಂಬತ್ತು ಆಂಪ್ ಎಳೆಯುತ್ತೆ ಅಂತಿಟ್ಕೊಳ್ಳಿ, ನೇರ ಸ್ಟಾರ್ಟ್ ಆಗೋ ಗಳಿಗೇಲಿ ಅದರ ಆರು ಪಟ್ಟು, 54. ಪುಸ್ತಕದ 14 ಮೋಟರೇ ಒಟ್ಟಿಗೆ ಎದ್ದರೂ 750 ಆಂಪ್ ದಾಟಿತು. ಟಿಸಿ ತಾಕತ್ತಿನ ಒಂಬತ್ತು ಪಟ್ಟು! ಓಡೋವಾಗಲೇ ಅದು ಏದುಸಿರು ಬಿಡ್ತಿತ್ತು, ಅದು ಬೇರೆ ಕಥೆ. ಬೆಳಗ್ಗೆ ಒಂಬತ್ತಕ್ಕೆ ಕರೆಂಟ್ ಬರೋದು, ಢಬ್ ಅನ್ನೋದು, ಟಿಸಿ ಕಾಯೋ ಎಚ್‌ಜಿ ಫ್ಯೂಸ್ ಹೋಗೋದು. ನಾಲ್ಕು ದಿನ ಹೀಗೇ ಆಯ್ತು. ಐದನೇ ದಿನ ಯಾರೋ ಪುಣ್ಯಾತ್ಮ ಫ್ಯೂಸಿಗೆ ಬೇಲಿ ತಂತಿಯಷ್ಟು ದಪ್ಪದ ವೈರ್ ಸುತ್ತಿದ. ಫ್ಯೂಸ್ ಉಳೀತು, ಟಿಸಿ ಹೋಯ್ತು. ಎಣ್ಣೆ ಸುರಿದು ಕೆಳಗಿನ ಹುಲ್ಲೆಲ್ಲ ಕಪ್ಪಗಾಗಿತ್ತು.

ಹೊಸ ಟಿಸಿ ಬಂದಿದ್ದು ಹನ್ನೊಂದನೇ ದಿನ. ಏಪ್ರಿಲ್ ತಿಂಗಳು. ಎರಡು ವರ್ಷದ ಅಡಿಕೆ ಸಸಿ ಸುಳಿ ಬಾಗಿ ನಿಂತಿದ್ದವು. ಟ್ಯಾಂಕರ್ ನೀರಿಗೆ ಕೊಟ್ಟ ದುಡ್ಡು ಮನೇಲಿ ಇವತ್ತಿಗೂ ಹೇಳಿಲ್ಲ. ಸಾಲದ್ದಕ್ಕೆ ನನ್ನ ಮೋಟರೂ ಹೋಯ್ತು. ಕಾರಣ ಬೇರೆ, ತಪ್ಪು ಅದೇ. ನನ್ನ ಬೋರಲ್ಲಿ ಎನ್‌ಆರ್‌ವಿ, ಅಂದರೆ ನೀರು ವಾಪಸ್ ಇಳಿಯದ ಹಾಗೆ ತಡೆಯೋ ವಾಲ್, ಲೀಕ್ ಇತ್ತು. ಕರೆಂಟ್ ಟಪ್ ಅಂತ ಹೋಗಿ ಬಂದಾಗ ಮೇಲಿನ ನೀರು ಕೆಳಗಿಳೀತಾ ಪಂಪನ್ನ ಹಿಂದಕ್ಕೆ ತಿರುಗಿಸ್ತಾ ಇರುತ್ತೆ. ಅಷ್ಟರಲ್ಲಿ ಆಟೋ ಮುಂದಕ್ಕೆ ಒದ್ದರೆ ಶಾಫ್ಟ್ ಗತಿ ಏನು? 780 ಅಡಿ ಪೈಪ್ ಎತ್ತಿ ನೋಡಿದರೆ ಕಪ್ಲಿಂಗ್ ತಿರುಚಿಕೊಂಡಿತ್ತು. ವೈಂಡಿಂಗ್ ಅಂಗಡಿಯವನು ನೋಡಿ ನಕ್ಕ. ಅವನಿಗೇನು, ಅವತ್ತು ಅವನ ಅಂಗಡೀಲಿ ನಂದು ಸೇರಿ ಏಳು ಮೋಟರ್ ಮಲಗಿದ್ದವು.

ಆಮೇಲೆ ಏನು ಮಾಡಿದ್ವಿ ಅಂದರೆ, ಹದಿನೇಳೂ ಜನ ಹುಣಸೆ ಮರದಡಿ ಕೂತು ಸೆಕೆಂಡ್ ಹಂಚ್ಕೊಂಡ್ವಿ. ಸ್ಟಾರ್ಟಿಂಗ್ ಹೊಡೆತ ಇರೋದು ಕೆಲವೇ ಸೆಕೆಂಡ್, ಆದ್ದರಿಂದ ಒಬ್ಬರಿಗೊಬ್ಬರಿಗೆ ಅರ್ಧ ನಿಮಿಷ ಅಂತರ ಸಾಕು. ಆದರೆ ಮೊದಲನೆಯವನೂ ಎರಡು ನಿಮಿಷ ಕಾಯಬೇಕು, ಪೈಪಿನ ನೀರು ಇಳಿದು ನಿಲ್ಲಲಿ ಅಂತ. ಕೊನೆಯವನು ಏಳೋದು ಹತ್ತನೇ ನಿಮಿಷಕ್ಕೆ. ಕ್ರಮ ಹೇಗೆ? ಲೈನಿನ ತುದಿಯವನು ಮೊದಲು, ಟಿಸಿ ಪಕ್ಕದವನು ಕೊನೆಗೆ. ತುದಿಗೆ ವೋಲ್ಟೇಜ್ ಸೊರಗುತ್ತೆ, ಹಾಗಾಗಿ ಲೈನ್ ಖಾಲಿ ಇರುವಾಗಲೇ ಅವನ ಮೋಟರ್ ಎದ್ದುಬಿಡಲಿ. ನಮ್ಮ ಬೋರ್ ಟಿಸಿಯಿಂದ ಎರಡನೇ ಕಂಬ, ಹಾಗಾಗಿ ನಾನು ಹತ್ತನೇ ನಿಮಿಷದವನು. ಮೊದಲು ಹೊಟ್ಟೆ ಉರೀತಿತ್ತು, ಈಗ ಅಭ್ಯಾಸ ಆಗಿದೆ. ಆವತ್ತಿಂದ ಆ ಟಿಸಿ ಒಂದು ಸಲವೂ ಸುಟ್ಟಿಲ್ಲ.

ಇದು ಎಲ್ಲರೂ ಮಾತು ಉಳಿಸ್ಕೊಂಡರೆ ಮಾತ್ರ. ನಮ್ಮಲ್ಲೂ ಇಬ್ಬರು ಮಧ್ಯೆ ಕಳ್ಳಾಟ ಆಡಿದರು, ಫ್ಯೂಸ್ ಹಾಕೋ ಖರ್ಚು ಅವರದೇ ಅಂದ ಮೇಲೆ ದಾರಿಗೆ ಬಂದರು. ಇನ್ನೊಂದು ಮಾತು, ಸಂತೇಲಿ ಸಿಗೋ ಹೆಸರಿಲ್ಲದ ಟೈಮರ್ ಡಬ್ಬ ತರಬೇಡಿ, ಬೇಸಿಗೆ ಕಾವಿಗೆ ಅದರ ಎರಡು ನಿಮಿಷ ನಾಲ್ಕಾಗುತ್ತೆ. ಸ್ಟಾರ್ಟರ್ ಒಳಗಿನ ಕಾಂಟ್ಯಾಕ್ಟರ್ ಮಾತ್ರ ನಾನು ಎಲ್ ಅಂಡ್ ಟಿ ಬಿಟ್ಟು ಬೇರೆ ಹಾಕಲ್ಲ. ಈಗ ಅದರ ಹೆಸರು ಲಾರಿಟ್ಜ್ ನೂಡ್ಸನ್ ಅಂತ ಆಗಿದೆ, ನಮ್ಮ ಅಂಗಡಿಯವನಿಗೆ ಹಳೇ ಹೆಸರಲ್ಲಿ ಕೇಳಿದರೇ ತಿಳಿಯೋದು. ಮೋಟರ್ ಟೆಕ್ಸ್‌ಮೋ, ಆವಾಗಿಂದ ಎತ್ತಿಲ್ಲ. ಸಿಆರ್‌ಐ ಹಾಕಿದವರೂ ಚೆನ್ನಾಗಿದೆ ಅಂತಾರೆ. ಜಗಳ ಬೇಡ.

ಕೆಪಾಸಿಟರ್ ಬೇಕಾ ಅಂತ ಕೇಳೋದೇ ತಪ್ಪು. ಐದು ಎಚ್‌ಪಿಗೆ 2 ಕೆವಿಎಆರ್, ಏಳೂವರೆಗೆ 3, ಹತ್ತಕ್ಕೆ 4. ಸ್ಟಾರ್ಟರ್ ಆದ ಮೇಲೆ, ಮೋಟರ್ ಕಡೆಗೆ ಕಟ್ಟಬೇಕು. ಉಚಿತ ಕರೆಂಟಿಗೆ ಯಾಕೆ ಅಂತ ಕೇಳೋರಿಗೆ, ಉಳಿಯೋದು ಬಿಲ್ ಅಲ್ಲ ಸ್ವಾಮಿ, ಲೈನಿನ ಆಂಪ್.

ಈಗ ಸೋಲಾರ್ ಬಗ್ಗೆ ಇರೋ ಭ್ರಮೆ. ಪಂಪ್‌ಸೆಟ್ ಫೀಡರ್‌ಗೆ ಸೋಲಾರ್ ಸೇರಿಸೋ ಕೇಂದ್ರದ ಯೋಜನೆ ಕುಸುಮ್-ಸಿ. ಆ ಫೀಡರ್ ಅಂದರೆ ಪ್ಲಾಂಟಿಂದ ನಿಮ್ಮ ಬೋರಿಗೆ ಬೇರೆ ತಂತಿ ಎಳೆದಿರಲ್ಲ. ಪ್ಲಾಂಟ್ ಬಂದು ಸೇರೋದು ಸಬ್‌ಸ್ಟೇಷನ್ನಿನ 11 ಕೆವಿ ಕಡೆಗೆ. ಮೋಡ ಬಂದರೆ ಕೊರತೆ ಗ್ರಿಡ್ ತುಂಬುತ್ತೆ, ಹೆಚ್ಚಾದರೆ ಗ್ರಿಡ್ಡಿಗೇ ಹೋಗುತ್ತೆ. ಅದಕ್ಕೇ "ಮೋಡ ಆದರೆ ಮೋಟರ್ ನಿಲ್ಲುತ್ತಾ" ಅನ್ನೋ ಭಯ ಬೇಡ. ಆದರೆ ಮೇಲಿನ ಲೈನ್ ಟ್ರಿಪ್ ಆದರೆ ಬಿಸಿಲು ಎಷ್ಟೇ ಸುಡಲಿ, ಪ್ಲಾಂಟಿನ ಇನ್ವರ್ಟರೂ ಆಫ್ ಆಗಲೇಬೇಕು, ಲೈನ್‌ಮನ್ ಜೀವ ಮುಖ್ಯ. ನಮ್ಮ ಟಿಸಿ, ಅದರಿಂದ ಬೋರಿಗೆ ಬರೋ ನಮ್ಮ ಎಲ್‌ಟಿ ಲೈನ್, ನಮ್ಮ ಹದಿನೇಳು ಮೋಟರ್ ಎಲ್ಲ ಹಳೇವೇ. ಸೋಲಾರ್ ಬಂತು ಅಂತ ಅವು ಹೊಸದಾಗಲ್ಲ.

ಯೋಜನೆ ಒಳ್ಳೇದೇ, ಬೈತಿಲ್ಲ. ನಿರಂತರ ಜ್ಯೋತಿ ಯೋಜನೆಯಲ್ಲಿ ಊರಿನ ಫೀಡರ್ ಬೇರೆ, ಪಂಪ್‌ಸೆಟ್ ಫೀಡರ್ ಬೇರೆ ಅಂತ ವಿಂಗಡಿಸಿದ್ದಕ್ಕೇ ಇವತ್ತು ಫೀಡರ್‌ಗೆ ಸೋಲಾರ್ ಕಟ್ಟೋದು ಸಾಧ್ಯ ಆಗಿದ್ದು. 2025ರ ಜೂನಲ್ಲಿ ನಿಮ್ಮ ತೊಂಡೇಬಾವಿ ಕಡೇನೇ 20 ಮೆಗಾವ್ಯಾಟಿಂದು ಉದ್ಘಾಟನೆ ಆಯ್ತಲ್ಲ. ಹೊಸ ಯೋಚನೆ ಅಂತ ಟಿವಿಯವರು ಹೇಳ್ತಾರೆ, ಅಲ್ಲ. 2010ರ ಹೊತ್ತಿಗೇ ರಾಜ್ಯದ ವಿದ್ಯುತ್ ಉತ್ಪಾದನಾ ಕಂಪನಿ ಕೆಪಿಸಿಯವರು ಕೋಲಾರ ಜಿಲ್ಲೆ ಎಳೇಸಂದ್ರದಲ್ಲಿ 3 ಮೆಗಾವ್ಯಾಟ್ ಹಾಕಿದ್ದರು, ಚಿಕ್ಕೋಡಿ ಹತ್ತಿರ ಇಟ್ನಾಳದಲ್ಲಿ ಒಂದು, ರಾಯಚೂರು ಜಿಲ್ಲೆ ಯಾಪಲದಿನ್ನಿಯಲ್ಲಿ ಒಂದು. ಉದ್ದೇಶ ಇದೇ, ಲೈನಿನ ತುದಿಯ ಪಂಪ್‌ಸೆಟ್ಟಿಗೆ ಹಗಲು ಕರೆಂಟ್. ಶರಾವತಿ ನಡೆಸೋ ಕಂಪನಿ ಪ್ಯಾನಲ್ ಒರೆಸ್ತಿದೆ ಅಂತ ಆವಾಗ ನಾವು ನಗಾಡಿದ್ವಿ. ಈಗ ನೋಡಿ.

ತೊಟ್ಟಿಗೆ ಬರೋಣ. ದಯವಿಟ್ಟು ಒಡೆಸಬೇಡಿ. ನಿಮ್ಮ ಬೋರಲ್ಲಿ ಎಷ್ಟು ಇಂಚು ನೀರು ಅಂತ ಬರೆದಿಲ್ಲ, ನಿಮ್ಮ ಸೀಮೇಲಿ ಒಂದೂವರೆ ಇದ್ದರೆ ಹೆಚ್ಚು. ಅಷ್ಟು ನೀರನ್ನ ನೇರ ಡ್ರಿಪ್ಪಿಗೆ ಕೊಟ್ಟರೆ ಎರಡನೇ ವಾಲ್‌ಗೇ ಪ್ರೆಷರ್ ಸಾಯುತ್ತೆ, ಕೊನೇ ಸಾಲು ಒಣಗುತ್ತೆ. ನಾನು ಮಾಡೋದು ಹೀಗೆ: ಮೊದಲ ಐದು ಗಂಟೆ ಬೋರ್ ನೀರು ತೊಟ್ಟಿಗೆ, ಕೊನೇ ಎರಡು ಗಂಟೆ ತೊಟ್ಟಿಯಿಂದ ಮೂರು ಎಚ್‌ಪಿ ಮೋನೋಬ್ಲಾಕ್ ಪಂಪಲ್ಲಿ ಡ್ರಿಪ್ಪಿಗೆ ಒತ್ತಿ ಕೊಡೋದು. ಗೊಬ್ಬರ ಬಿಡೋದೂ ಅದೇ ಹೊತ್ತಲ್ಲಿ. ಆ ಮೂರು ಎಚ್‌ಪಿಗೂ ಲೆಕ್ಕದಲ್ಲಿ ಲೋಡ್ ತೋರಿಸಿ, ಕಳ್ಳ ಕನೆಕ್ಷನ್ ಬೇಡ. ಕರೆಂಟ್ ಒಂದು ದಿನ ಕೈಕೊಟ್ಟರೆ ತೊಟ್ಟಿಯಲ್ಲಿ ಒಂದು ದಿನದ ನೀರಾದರೂ ಇರುತ್ತೆ. ಆ ಹನ್ನೊಂದು ದಿನದಲ್ಲಿ ನನ್ನ ಹತ್ತಿರ ತೊಟ್ಟಿ ಇರಲಿಲ್ಲ. ಆಮೇಲೆ ಮೊದಲು ಕಟ್ಟಿಸಿದ್ದೇ ಅದನ್ನ, ಅಡಿಕೆ ದುಡ್ಡಲ್ಲಿ ಅಲ್ಲ, ಎಮ್ಮೆ ಮಾರಿ.

ರಾತ್ರಿ ಸಿಂಗಲ್ ಫೇಸಿಗೆ ಕಂಡೆನ್ಸರ್ ಹಾಕಿ ತ್ರೀಫೇಸ್ ಮೋಟರ್ ಓಡಿಸಿ ಅಂತ ಕೆಳಗೆ ಒಬ್ಬರು ಸಲಹೆ ಕೊಟ್ಟಿದ್ದಾರೆ. ಅಣ್ಣಾ, ಹಗಲು ಏಳು ಗಂಟೆ ಸಿಕ್ಕಿದ ಮೇಲೂ ಬುದ್ಧಿ ಬರಲಿಲ್ವಾ? ಊರ ಟಿಸಿಗಳು ಸಾಯೋದೇ ಅದರಿಂದ.

ಇನ್ನೊಬ್ಬರು, ಸಬ್‌ಸ್ಟೇಷನ್ ಪಕ್ಕದ ನನ್ನ ನಾಲ್ಕೆಕರೆಯನ್ನ ಸೋಲಾರ್ ಪ್ಲಾಂಟಿನವರು ಗುತ್ತಿಗೆಗೆ ಕೇಳ್ತಿದ್ದಾರೆ, ಕೊಡಲಾ ಅಂತ ಕೇಳಿದ್ದಾರೆ. ಒಂದು ಮೆಗಾವ್ಯಾಟಿಗೆ ಹೆಚ್ಚುಕಡಿಮೆ ನಾಲ್ಕೆಕರೆ ಬೇಕು, ಅದಕ್ಕೇ ಆ ಲೆಕ್ಕ. ನಮ್ಮ ಅತ್ತೆ ಮನೆ ಪಾವಗಡದ ತಿರುಮಣಿ ಕಡೆ. ಅಲ್ಲಿ ಐದು ಊರಿನ 13 ಸಾವಿರ ಎಕರೆ ಗುತ್ತಿಗೆಗೆ ಪಡೆದು 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಮಾಡಿದರು, ಖರೀದಿ ಅಲ್ಲ ಅನ್ನೋದೇ ಅದರ ಹೆಚ್ಚುಗಾರಿಕೆ. ಎಕರೆಗೆ ವರ್ಷಕ್ಕೆ 21,000, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ. ಮಳೆ ಇಲ್ಲದ ಶೇಂಗಾ ಹೊಲಕ್ಕೆ ಆವತ್ತು ಅದು ಬಂಗಾರ. ಏರಿಕೆ ಮೇಲೆ ಏರಿಕೆ ಲೆಕ್ಕ ಹಾಕಿದರೂ ಇಪ್ಪತ್ತು ವರ್ಷ ಕಳೆದಾಗ 34 ಸಾವಿರ ಚಿಲ್ಲರೆ. ಇಪ್ಪತ್ತು ವರ್ಷದ ಮೇಲೆ ಆ ದುಡ್ಡಿಗೆ ಏನು ಬರುತ್ತೆ ನೀವೇ ಯೋಚನೆ ಮಾಡಿ. ಭೂಮಿ ಇದ್ದವರಿಗೆ ಬಾಡಿಗೆ ಬಂತು, ಅದೇ ಹೊಲದಲ್ಲಿ ಕಳೆ ಕೀಳ್ತಿದ್ದ ಕೂಲಿ ಹೆಂಗಸರಿಗೆ ಏನೂ ಬರಲಿಲ್ಲ. ಕುರಿ ಮೇಯಿಸೋರು ಬೇಲಿ ಸುತ್ತಿ ಹೋಗಬೇಕು. ಬೋರ್ ಇಲ್ಲದ ಜಮೀನಾದರೆ ಕೊಡಿ, ನೀರಿದ್ದರೆ ಕೊಡಬೇಡಿ. ಕೊಟ್ಟರೂ ಪತ್ರದಲ್ಲಿ ಏರಿಕೆ ಎಷ್ಟು, ಅವಧಿ ಮುಗಿದ ಮೇಲೆ ಕಾಂಕ್ರೀಟ್ ಕೀಳೋರು ಯಾರು, ಪಹಣಿಯಲ್ಲಿ ಏನು ಬರೀತಾರೆ, ಈ ಮೂರನ್ನ ನಿಮ್ಮ ವಕೀಲರ ಹತ್ತಿರ ಓದಿಸಿ. ಅವರ ವಕೀಲರ ಹತ್ತಿರ ಅಲ್ಲ.

ಲೈನಿಂದ ದೂರ ಇರೋರು ಕುಸುಮ್-ಬಿ ನೋಡಿ, ಅದು ಬೋರಿಗೇ ಸೋಲಾರ್ ಪಂಪ್ ಹಾಕೋ ಯೋಜನೆ, ಖರ್ಚಲ್ಲಿ ಕೇಂದ್ರ 30, ರಾಜ್ಯ 50, ನಮ್ಮದು ನೂರಕ್ಕೆ 20. ಪ್ಯಾನಲನ್ನ ಬೋರ್ ನೀರಲ್ಲಿ ತೊಳೆದು ಹಾಗೇ ಒಣಗೋಕೆ ಬಿಡಬೇಡಿ, ಗಡಸು ನೀರಿಗೆ ಸುಣ್ಣದ ಪೊರೆ ಕಟ್ಟುತ್ತೆ, ಆಮೇಲೆ ಏನು ತಿಕ್ಕಿದರೂ ಹೋಗಲ್ಲ. ಮಳೆ ನೀರು ಹಿಡಿದಿಟ್ಟು ಬೆಳಗ್ಗೆ ತಂಪಿರುವಾಗ ಒರೆಸಿ. ತೆಂಗಿನ ಗರಿ ನೆರಳು ಒಂದು ಪ್ಯಾನಲ್ ಮೇಲೆ ಬಿದ್ದರೂ ಇಡೀ ಸಾಲು ಸೊರಗುತ್ತೆ.

ಗೌರಿಬಿದನೂರು ತಮ್ಮ, ನಾಳೆ ಬೆಳಗ್ಗೆ ಟಿಸಿ ಪ್ಲೇಟ್ ಫೋಟೋ ತೆಗೆದು, ಅದರ ಮೇಲೆ ಎಷ್ಟು ಮೋಟರ್, ಯಾವ ಎಚ್‌ಪಿ ಅಂತ ಬರೆದು ಇಲ್ಲೇ ಹಾಕಿ. ಯಾರಿಗೆ ಎಷ್ಟನೇ ನಿಮಿಷ ಅಂತ ಲೆಕ್ಕ ನಾನು ಹಾಕಿ ಕೊಡ್ತೀನಿ. ಅಲ್ಲೀವರೆಗೂ ಆಟೋ ಆಫ್ ಮಾಡಿ ಕೈಯಲ್ಲೇ ಒತ್ತಿ.