ಓದುಗರ ಪ್ರಶ್ನೆ: ಎಮೇ ಪರ್ವತಕ್ಕೆ ಹೋದ್ರೆ ನಡೀಲೇಬೇಕಾ?

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಚೀನಾದ ಸಿಚುವಾನ್ ಪ್ರಾಂತ್ಯದಲ್ಲಿರೋ ಬೌದ್ಧರ ಪವಿತ್ರ ಬೆಟ್ಟ ಎಮೇ ಪರ್ವತದ ಬಗ್ಗೆನೇ ಜಾಸ್ತಿ ಇದ್ವು, ಅದಕ್ಕೇ ಬೇರೆಯವನ್ನ ಮುಂದಿನ ಸಂಚಿಕೆಗೆ ಇಟ್ಕೊಂಡು ಇವಕ್ಕೆ ಮಾತ್ರ ಉತ್ತರ ಬರೀತಿದ್ದೀನಿ.

ಪ್ರಶ್ನೆ: ಮೇಡಂ, ಆಫೀಸ್ ಕೆಲಸದ ಮೇಲೆ ಚೆಂಗ್ಡುಗೆ ಹೋಗ್ತಿದ್ದೀನಿ, ಅಮ್ಮನೂ ಜೊತೆಗೆ ಬರ್ತಿದ್ದಾರೆ. ಅವರಿಗೆ ಅರವತ್ತೆಂಟು, ಮಂಡಿನೋವು ಇದೆ. ಎಮೇ ಒಂದೇ ದಿನದಲ್ಲಿ ನೋಡ್ಕೊಂಡು ಬರಬಹುದು, ಬಸ್ಸು ಕೇಬಲ್ ಕಾರು ಎಲ್ಲಾ ಇದೆ ಅಂತಾರೆ. ಹಾಗೆ ಹೋಗ್ಬಂದ್ರೆ ಸಾಕಾ?

ಉತ್ತರ: ಒಂದು ದಿನದಲ್ಲಿ ಆಗುತ್ತೆ, ಆದ್ರೆ ನನ್ನ ಕೇಳಿದ್ರೆ ಬೇಡ. ಚೆಂಗ್ಡುವಿಂದ ಹೈಸ್ಪೀಡ್ ರೈಲಲ್ಲಿ ಸುಮಾರು ಒಂದೂವರೆ ಗಂಟೆ, ಆಮೇಲೆ ಬೆಟ್ಟದ ಬುಡದ ಬಾವ್‌ಗುವೊ ದೇವಾಲಯದ ಹತ್ರದಿಂದ ತಿರುವು ತಿರುವಾಗಿ ಬಸ್ಸಲ್ಲಿ ಎರಡು ಗಂಟೆ, 2,430 ಮೀಟರ್ ಎತ್ತರದ ಲೇಡೊಂಗ್‌ಪಿಂಗ್‌ನಲ್ಲಿ ಇಳಿದು ಮೆಟ್ಟಿಲು ಹತ್ತಿ ಕೇಬಲ್ ಕಾರಿಗೆ ಕ್ಯೂ ನಿಲ್ಲೋದು, ಮೇಲೆ ಚಿನ್ನದ ಶಿಖರದಲ್ಲಿ ಫೋಟೋ ತೆಗೆಸ್ಕೊಂಡು ಅದೇ ದಾರೀಲಿ ವಾಪಸ್ ಬರೋದು. ಹೀಗೆ ಬಂದವರು ಎಮೇ ನೋಡಿದ್ವಿ ಅಂತ ಹೇಳ್ತಾರೆ, ಆದ್ರೆ ಈ ಬೆಟ್ಟದ ನಿಜವಾದ ಜೀವ ಇರೋದು ನಡುವಿನ ಕಾಡಲ್ಲಿ, ಅಲ್ಲಿನ ಹಳೇ ದೇವಾಲಯಗಳಲ್ಲಿ, ಅದನ್ನ ಬಸ್ಸಿನ ಕಿಟಕಿಯಿಂದ ದಾಟ್ಬಿಟ್ರೆ ಏನ್ ನೋಡಿದ ಹಾಗಾಯ್ತು ಹೇಳಿ?

ಅಮ್ಮನ್ನ ಕರ್ಕೊಂಡು ಎರಡು ದಿನ ಇಟ್ಕೊಳ್ಳಿ. ಮೊದಲನೇ ದಿನ ಬರೀ ವಾನ್ನಿಯೆನ್ ದೇವಾಲಯ. ಅಲ್ಲಿಗೂ ಬೇರೆ ಕೇಬಲ್ ಕಾರಿದೆ, ಹಾಗಾಗಿ ಮಂಡಿಗೆ ಅಷ್ಟೇನೂ ತೊಂದ್ರೆ ಇಲ್ಲ. ಒಳಗೆ 1601ರಲ್ಲಿ ಕಟ್ಟಿದ ಇಟ್ಟಿಗೆ ಗುಡಿ ಇದೆ, ಒಂದು ತೊಲೆಯಿಲ್ಲ, ಕಂಬ ಇಲ್ಲ, ಕೆಳಗೆ ಚೌಕ, ಮೇಲೆ ಗುಂಡಗೆ ಗುಮ್ಮಟ. ಅದರ ನಡುವೆ ಆರು ದಂತದ ಬಿಳಿ ಆನೆ, ಒಂದೊಂದು ಪಾದದ ಕೆಳಗೂ ಒಂದೊಂದು ತಾವರೆ, ಬೆನ್ನ ಮೇಲೆ ಈ ಬೆಟ್ಟದಲ್ಲಿ ಎಲ್ಲರೂ ಆರಾಧಿಸೋ ಸಮಂತಭದ್ರ ಬೋಧಿಸತ್ವ ಕೂತಿದ್ದಾನೆ. ಕ್ರಿ.ಶ. 980ರಲ್ಲಿ ಎರಕ ಹೊಯ್ದ ಕಂಚಿನ ವಿಗ್ರಹ ಇದು, ತೂಕ ಸುಮಾರು 62 ಟನ್. ಆರು ದಂತ ಅಂದ್ರೆ ದಾನ, ಶೀಲ, ಕ್ಷಾಂತಿ (ತಾಳ್ಮೆ), ವೀರ್ಯ (ಶ್ರದ್ಧೆಯ ಪ್ರಯತ್ನ), ಧ್ಯಾನ, ಪ್ರಜ್ಞೆ ಅನ್ನೋ ಆರು ಪಾರಮಿತೆಗಳು, ಅಂದ್ರೆ ಬೋಧಿಸತ್ವ ರೂಢಿಸ್ಕೊಳ್ಳೋ ಗುಣಗಳು. ಸುತ್ತಲೂ ಗೋಡೆಯ ಗೂಡುಗಳಲ್ಲಿ ಸಾಲು ಸಾಲಾಗಿ ಪುಟ್ಟ ಬುದ್ಧರು. ಜನ ಕೈ ಮುಗಿದು ಸುತ್ತು ಬರ್ತಿರ್ತಾರೆ, ನೀವೂ ಅವಸರ ಮಾಡದೆ ಒಂದ್ಸಲ ಸುತ್ತಿ, ಆಮೇಲೆ ಆನೆಯ ಮುಂದೆ ನಿಂತು ತಲೆ ಎತ್ತಿ ನೋಡಿ. ಶಿಖರದ ಮೇಲೆ 2006ರಲ್ಲಿ ನಿಲ್ಲಿಸಿದ 48 ಮೀಟರಿನ ಚಿನ್ನದ ಲೇಪದ ಸಮಂತಭದ್ರ ಇದ್ದಾನಲ್ಲ, ಹತ್ತು ಮುಖದವನು, ಅದು ಭವ್ಯವಾಗಿದೆ ನಿಜ, ಆದ್ರೆ ನನಗೆ ಕಣ್ಣು ತುಂಬಿ ಬರೋದು ಈ ಹಳೇ ಆನೆ ಎದುರಿಗೇ.

ಎರಡನೇ ದಿನ ಬಸ್ಸು, ಕೇಬಲ್ ಕಾರಲ್ಲೇ ಮೇಲಕ್ಕೆ ಹೋಗಿ. ಲೇಡೊಂಗ್‌ಪಿಂಗ್‌ನಿಂದ ಕೇಬಲ್ ಕಾರಿನ ತನಕ ಇರೋ ಮೆಟ್ಟಿಲು ಅಮ್ಮನಿಗೆ ಕಷ್ಟ ಅನ್ಸಿದ್ರೆ ಇಬ್ಬರು ಹೊರೋ ಬಿದಿರಿನ ಡೋಲಿ ಸಿಗುತ್ತೆ, ಹತ್ತೋಕೆ ಮುಂಚೆನೇ ರೇಟು ಮಾತಾಡ್ಕೊಳ್ಳಿ. ಚಿನ್ನದ ಶಿಖರ 3,000 ಮೀಟರ್ ದಾಟಿದ ಜಾಗ, ಬುಡದಲ್ಲಿ ಬೆವರು ಸುರೀತಿದ್ರೂ ಮೇಲೆ ಗಡಗಡ ನಡುಗ್ತೀರ, ದಪ್ಪ ಕೋಟು ಬಾಡಿಗೆಗೆ ಸಿಗುತ್ತೆ ಆದ್ರೂ ಅಮ್ಮನಿಗೆ ಸ್ವೆಟರ್, ಮಂಕಿಕ್ಯಾಪ್ ಬ್ಯಾಗಲ್ಲಿ ಇರಲಿ. ಬೆಟ್ಟದ ಪ್ರವೇಶಕ್ಕೆ ಸೀಸನ್ನಲ್ಲಿ 160 ಯುವಾನ್ ಟಿಕೆಟ್ಟು, ಬಸ್ಸು ಕೇಬಲ್ ಕಾರು ಬೇರೆ. ಪಾಸ್‌ಪೋರ್ಟ್ ಕೈಯಲ್ಲೇ ಇರಲಿ. ದುಡ್ಡು ಕೊಡೋಕೆ ಅಲಿಪೇ ಆ್ಯಪ್‌ಗೆ ನಿಮ್ಮ ಇಂಟರ್‌ನ್ಯಾಷನಲ್ ಕಾರ್ಡ್ ಮೊದಲೇ ಸೇರಿಸ್ಕೊಂಡು ಹೋಗಿ, ಅಲ್ಲಿ ಹೋಗಿ ಒದ್ದಾಡೋದು ಬೇಡ.

ಪ್ರಶ್ನೆ: ನಾವು ನಾಲ್ಕು ಜನ ಫ್ರೆಂಡ್ಸ್, ಟ್ರೆಕ್ಕಿಂಗ್ ಅಭ್ಯಾಸ ಇದೆ. ಬುಡದಿಂದ ತುದಿ ತನಕ ನಡ್ಕೊಂಡೇ ಹತ್ಬೇಕು ಅಂತ ಆಸೆ. ಯಾವ ದಾರಿ ಒಳ್ಳೇದು? ಮಂಗಗಳ ಕಾಟ ಅಂತಾರಲ್ಲ, ನಿಜಾನಾ?

ಉತ್ತರ: ಹತ್ತಿ, ಖಂಡಿತ ಹತ್ತಿ. ಆದ್ರೆ ಇದು ಕಾಲುದಾರಿ ಟ್ರೆಕ್ ಅಲ್ಲ ಅನ್ನೋದು ತಲೇಲಿರಲಿ, ಬಹುತೇಕ ಕಲ್ಲಿನ ಮೆಟ್ಟಿಲು, ಮಳೆ ಬಂದ್ರೆ ಪಾಚಿ ಕಟ್ಟಿ ಜಾರುತ್ತೆ, ಬಾವ್‌ಗುವೊದಿಂದ ಶಿಖರಕ್ಕೆ ಲೆಕ್ಕ ಹಾಕಿದ್ರೆ ಏರಿಕೆಯೇ 2,500 ಮೀಟರ್ ಆಗುತ್ತೆ. ಒಂದೇ ದಿನದಲ್ಲಿ ಮುಗಿಸೋ ಹಠ ಬೇಡ, ಮಧ್ಯೆ ಒಂದು ರಾತ್ರಿ ತಂಗ್ಲೇಬೇಕು.

ಹತ್ತೋ ದಾರೀಲಿ ಸಿಗೋ ಚಿಂಗ್‌ಯಿನ್ ಮಂಟಪದ ಹತ್ರ ಕಪ್ಪು ಡ್ರ್ಯಾಗನ್, ಬಿಳಿ ಡ್ರ್ಯಾಗನ್ ಅಂತ ಎರಡು ಹೊಳೆ ಬಂದು ಕೂಡ್ತವೆ, ನಡುವೆ ಹಸುವಿನ ಹೃದಯದ ಆಕಾರದ ಒಂದು ಬಂಡೆ, ನೀರು ಅದಕ್ಕೆ ಬಡಿಯೋ ಸದ್ದು ಕೇಳ್ಕೊಂಡು ಅಲ್ಲೇ ಸ್ವಲ್ಪ ಹೊತ್ತು ಕೂತ್ಕೊಳ್ಳಿ. ಅಲ್ಲಿಂದ ದಾರಿ ಎರಡಾಗುತ್ತೆ. ಒಂದು ವಾನ್ನಿಯೆನ್ ಮೇಲಿಂದ ಹೋಗುತ್ತೆ. ಇನ್ನೊಂದು ಕಿರಿದಾದ ಕಮರಿ ಒಳಗೆ ನುಗ್ಗಿ, ಹೊಂಗ್‌ಚುನ್‌ಪಿಂಗ್ ದಾಟಿ, ತೊಂಬತ್ತೊಂಬತ್ತು ತಿರುವು ಅಂತಾನೇ ಹೆಸರಾಗಿರೋ ಏರು ಹತ್ತಿ ಶಿಯೆನ್‌ಫೆಂಗ್ ದೇವಾಲಯಕ್ಕೆ ಹೋಗುತ್ತೆ. ಎರಡೂ ಕೊನೆಗೆ 2,070 ಮೀಟರ್ ಎತ್ತರದ ಶೀಶಿಯಾಂಗ್‌ಚಿಗೆ ಬಂದು ಸೇರ್ತವೆ, ಸಮಂತಭದ್ರ ತನ್ನ ಆನೆಗೆ ಸ್ನಾನ ಮಾಡಿಸಿದ ಕೊಳ ಅಂತ ಅಲ್ಲಿನವರ ನಂಬಿಕೆ. ನಿಮಗೆ ಕಾಲಲ್ಲಿ ಬಲ ಇದೆ ಅಂತೀರಿ, ಎರಡನೇ ದಾರಿಯೇ ಹಿಡೀರಿ, ಜನ ಕಮ್ಮಿ, ಕಾಡು ದಟ್ಟ. ಮೊದಲ ಸಲ ಹೋಗೋರಿಗೆ, ಟೈಮ್ ಕಮ್ಮಿ ಇರೋರಿಗೆ ವಾನ್ನಿಯೆನ್ ದಾರಿ ಸರಿ, ಅಲ್ಲಿಂದ ಶೀಶಿಯಾಂಗ್‌ಚಿಗೆ ಐದಾರು ಗಂಟೆ ಇಟ್ಕೊಳ್ಳಿ. ಮೇ, ಜೂನ್ ಸುಮಾರಿಗೆ ಹೋದ್ರೆ ವಾನ್ನಿಯೆನ್ ಕೊಳದ ಹತ್ರ ಕಿವಿಗೊಟ್ಟು ಕೇಳಿ, ಅಲ್ಲೊಂದು ಜಾತಿ ಕಪ್ಪೆ ಇದೆ, ಕೂಗಿದ್ರೆ ಯಾರೋ ತಂತಿ ಮೀಟಿದ ಹಾಗಿರುತ್ತೆ. ಗಂಡು ಕಪ್ಪೆ ಕೆಸರಲ್ಲಿ ಗೂಡು ಮಾಡಿ ಒಳಗೆ ಕೂತು ಕೂಗುತ್ತೆ, ಗೂಡಿನ ಒಳಗಿಂದ ಬರೋ ದನಿಗೇ ಹೆಣ್ಣು ಒಲಿಯೋದಂತೆ.

ಇಳಿಯೋದು ಮಾತ್ರ ಬಸ್ಸಲ್ಲೇ ಮಾಡಿ. ಹತ್ತೋವಾಗ ಉಸಿರು ಕಟ್ಟುತ್ತೆ ಅಷ್ಟೇ, ಇಳಿಯೋವಾಗ ಮಂಡಿ ಹೋಗುತ್ತೆ.

ಮಂಗಗಳ ಕಾಟ ನಿಜಾನೇ. ಟಿಬೆಟನ್ ಮಕಾಕ್ ಜಾತಿ, ಮೋಟು ಬಾಲ, ದಪ್ಪ ಮೈ, ದೊಡ್ಡ ಗಂಡು ಹದಿನೈದು ಕೆಜಿ ದಾಟುತ್ತೆ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಇದ್ರೆ ಅದರಲ್ಲಿ ತಿಂಡಿ ಇದೆ ಅಂತ ಅವಕ್ಕೆ ಪಕ್ಕಾ ಗೊತ್ತು, ನೀರಿನ ಬಾಟಲ್ ಸಮೇತ ಎಲ್ಲಾ ಬ್ಯಾಗೊಳಗೆ ಹಾಕಿ ಜಿಪ್ ಎಳೀರಿ. ಕಣ್ಣಲ್ಲಿ ಕಣ್ಣಿಟ್ಟು ನೋಡ್ಬೇಡಿ, ಹಲ್ಲು ಬಿಟ್ಟು ನಗ್ಬೇಡಿ, ಅವಕ್ಕೆ ಅದು ಜಗಳಕ್ಕೆ ಕರೆದಂಗೆ. ಖಾಲಿ ಕೈ ಬಿಚ್ಚಿ ತೋರ್ಸಿ ನಡೀತಾ ಇರಿ. ದಯವಿಟ್ಟು ತಿನ್ನೋಕೆ ಕೊಡ್ಬೇಡಿ, ಅವು ಹೀಗೆ ಕಿತ್ಕೊಳ್ಳೋದು ಕಲ್ತಿದ್ದೇ ನಾವು ಕೊಟ್ಟೂ ಕೊಟ್ಟೂ. ಅಕಸ್ಮಾತ್ ಕಚ್ಚಿದ್ರೆ, ಪರಚಿದ್ರೆ ಸೋಪು ನೀರಲ್ಲಿ ಹದಿನೈದು ನಿಮಿಷ ತೊಳೆದು, ಟ್ರೆಕ್ ಅಲ್ಲಿಗೇ ಬಿಟ್ಟು ಆಸ್ಪತ್ರೆಗೆ ಹೋಗಿ ರೇಬಿಸ್ ಇಂಜೆಕ್ಷನ್ ಹಾಕಿಸ್ಕೊಳ್ಳಿ, ನಾಳೆ ನೋಡೋಣ ಅನ್ಬೇಡಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು, ಈರುಳ್ಳಿ ಬೆಳ್ಳುಳ್ಳಿನೂ ತಿನ್ನಲ್ಲ. ಚೀನಾದಲ್ಲಿ ಬೆಟ್ಟ ಹತ್ತಿ ಉಪವಾಸ ಇರ್ಬೇಕಾ?

ಉತ್ತರ: ಇಲ್ಲಮ್ಮ, ನಿಮಗೆ ಈ ಬೆಟ್ಟಕ್ಕಿಂತ ಒಳ್ಳೇ ಜಾಗ ಸಿಗೋದು ಕಷ್ಟ. ಚೀನಾದ ಬೌದ್ಧ ಸನ್ಯಾಸಿಗಳು ಮಾಂಸ ಮುಟ್ಟಲ್ಲ, ಈರುಳ್ಳಿ ಬೆಳ್ಳುಳ್ಳಿ ಜಾತಿಯವೂ ಅವರಿಗೆ ವರ್ಜ್ಯ. ದೇವಾಲಯದ ಊಟದ ಮನೇಲಿ ಅನ್ನ, ತೋಫು, ಸೊಪ್ಪು, ಉಪ್ಪಿನಕಾಯಿ ಸಿಗುತ್ತೆ, ಸಾದಾ ಊಟ, ಹೊಟ್ಟೆ ತಂಪು. ತಟ್ಟೇಲಿ ಬಿಡಬಾರ್ದು. ರಾತ್ರಿ ಊಟ ಬೇಗ ಮುಗಿಯುತ್ತೆ, ಲೇಟಾಗಿ ಹೋದ್ರೆ ಏನೂ ಇರಲ್ಲ. ದಾರಿ ಬದಿ ಹೋಟೆಲ್‌ಗಳಲ್ಲಿ ಮಾತ್ರ ಹುಷಾರು, ತರಕಾರಿ ಪಲ್ಯಕ್ಕೂ ಹಂದಿ ಕೊಬ್ಬು ಹಾಕಿರಬಹುದು, ನಿಮ್ಮ ನಿಯಮ ಏನು ಅಂತ ಚೀನೀ ಭಾಷೇಲಿ ಬರೆಸ್ಕೊಂಡು ಫೋನಲ್ಲಿ ಇಟ್ಕೊಂಡಿರಿ.

ಕೆಲವು ದೇವಾಲಯಗಳಲ್ಲಿ ಯಾತ್ರಿಕರಿಗೆ ರೂಮೂ ಕೊಡ್ತಾರೆ. ಲಕ್ಷುರಿ ಏನಿಲ್ಲ, ಹೊದಿಕೆ ಮಂಜಿಗೆ ತೇವ ತೇವ ಅನ್ಸುತ್ತೆ, ಆದ್ರೆ ಬೆಳಗಿನ ಜಾವ ಗಂಟೆ ಹೊಡೆದು ಸನ್ಯಾಸಿಗಳು ಪಾರಾಯಣ ಶುರು ಮಾಡೋವಾಗ ಎದ್ದು ಬಾಗಿಲ ಹತ್ರ ನಿಂತು ಕೇಳಿದ್ರೆ ಆ ನಡಿಗೆಯ ಸುಸ್ತೆಲ್ಲಾ ಸಾರ್ಥಕ. ಒಳಗೆ ಹೋಗೋವಾಗ ಹೊಸ್ತಿಲು ತುಳೀಬೇಡಿ, ದಾಟಿ. ಗರ್ಭಗುಡಿಯಲ್ಲಿ ವಿಗ್ರಹದ ಫೋಟೋ ಬೇಡ.

ಪ್ರಶ್ನೆ: ಶಿಖರದಲ್ಲಿ ‘ಬುದ್ಧಪ್ರಭೆ’ ಕಾಣುತ್ತೆ ಅಂತಾರೆ. ಪವಾಡಾನಾ? ಯಾವಾಗ ಹೋದ್ರೆ ಕಾಣುತ್ತೆ?

ಉತ್ತರ: ಸೂರ್ಯ ನಿಮ್ಮ ಬೆನ್ನ ಹಿಂದೆ, ಎದುರಿಗೆ ಕೆಳಗಡೆ ಮೋಡ, ಹೀಗಿದ್ದಾಗ ನಿಮ್ಮದೇ ನೆರಳು ಮೋಡದ ಮೇಲೆ ಬೀಳುತ್ತೆ, ಮೋಡದ ಸಣ್ಣ ಸಣ್ಣ ಹನಿಗಳಿಂದ ಬೆಳಕು ವಾಪಸ್ ಚದುರಿ ನೆರಳಿನ ತಲೆ ಸುತ್ತ ಬಣ್ಣದ ಬಳೆ ಮೂಡುತ್ತೆ. ಹತ್ತು ಜನ ಸಾಲಾಗಿ ನಿಂತಿದ್ರೂ ಒಬ್ಬೊಬ್ಬರಿಗೂ ಅವರವರ ತಲೆ ಸುತ್ತಾನೇ ಆ ಪ್ರಭೆ ಕಾಣೋದು, ವಿಜ್ಞಾನ ಗೊತ್ತಿದ್ರೂ ಮೈ ಜುಂ ಅನ್ನುತ್ತೆ. ಹಿಂದೆ ಇದನ್ನ ಬೋಧಿಸತ್ವನ ಕರೆ ಅಂತ ನಂಬಿ ಅಲ್ಲಿನ ಪ್ರಪಾತಕ್ಕೆ ಹಾರಿದವರೂ ಇದ್ರು, ಆ ಬಂಡೆಗೆ ದೇಹತ್ಯಾಗದ ಬಂಡೆ ಅಂತಾನೇ ಹೆಸರು, ಕಂಬಿ ದಾಟಿ ಒಂದು ಹೆಜ್ಜೆನೂ ಇಡ್ಬೇಡಿ.

ಪ್ರಪಾತ ಪೂರ್ವಕ್ಕಿದೆ, ಹಾಗಾಗಿ ಮಧ್ಯಾಹ್ನದ ಮೇಲೆ ಬಿಸಿಲು ಪಶ್ಚಿಮಕ್ಕೆ ತಿರುಗಿದಾಗ ಚಾನ್ಸ್ ಜಾಸ್ತಿ. ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಇಳಿದು ಹೋಗೋ ಟೂರ್ ಗುಂಪುಗಳು ಇದನ್ನ ತಪ್ಪಿಸ್ಕೊಳ್ಳೋದು ಇದಕ್ಕೇ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ ಮೇಲಿನ ಕಾಡಲ್ಲಿ ರೋಡೋಡೆಂಡ್ರಾನ್ ಹೂ ಬಿಟ್ಟಿರುತ್ತೆ, ಆಗ ಹೋಗಿ. ಮೇ ಮೊದಲ ವಾರ, ಅಕ್ಟೋಬರ್ ಮೊದಲ ವಾರ ಬಿಡಿ, ಅಲ್ಲಿ ರಜೆ, ಮೆಟ್ಟಿಲ ಮೇಲೆ ಕಾಲಿಡೋಕೂ ಜಾಗ ಇರಲ್ಲ. ಜುಲೈ, ಆಗಸ್ಟ್ ಮಳೆ. ಚಳಿಗಾಲದಲ್ಲಿ ಹಿಮ ಬೀಳುತ್ತೆ, ಶೂಗೆ ಕಟ್ಕೊಳ್ಳೋ ಕಬ್ಬಿಣದ ಹಲ್ಲು ಬೇಕೇ ಬೇಕು, ಲೇಡೊಂಗ್‌ಪಿಂಗ್ ಅಂಗಡಿಗಳಲ್ಲಿ ಸಿಗುತ್ತೆ.