ಮೀಟಿಂಗಲ್ಲಿ ಸುಮ್ಮನಿದ್ದು ಸಂಜೆ ಮೆಸೇಜ್ ಮಾಡುವ ಟೆಸ್ಟರ್
ನಿಮ್ಮ ಟೀಮ್ ಮೀಟಿಂಗಲ್ಲಿ ಇಬ್ಬರೇ ಮಾತಾಡುತ್ತಾರೆ, ಟೆಸ್ಟರ್ (ಸಾಫ್ಟ್‌ವೇರ್ ಪರೀಕ್ಷಿಸುವವರು) ಸುಮ್ಮನಿದ್ದು ಸಂಜೆ ಮೆಸೇಜಲ್ಲಿ ತಕರಾರು ಹಾಕುತ್ತಾರೆ ಅಂದಿರಿ. ಅವರಿಗೆ ಯೋಚಿಸಲು ಸಮಯ ಸಿಗುತ್ತಿಲ್ಲ, ಬಹುಶಃ ಅದೇ ಕಾರಣ. ಕೆಲವರು ಮಾತಾಡುತ್ತಲೇ ಯೋಚಿಸುತ್ತಾರೆ, ಕೆಲವರು ಯೋಚಿಸಿ ಮುಗಿಸಿದ ಮೇಲೆ ಬಾಯಿ ಬಿಡುತ್ತಾರೆ.

ಮೊದಲು, ವಿಷಯವನ್ನು ಹಿಂದಿನ ದಿನವೇ ಕಳಿಸಿ. ಬರೀ ತಲೆಬರಹ ಸಾಲದು. 'ರಿಲೀಸ್ ಶುಕ್ರವಾರ ಬಿಡಬಹುದಾ? ಅಡ್ಡಿ ಏನು?' ಅಂತ ಪ್ರಶ್ನೆಯಾಗಿಯೇ ಬರೆಯಿರಿ.

ಮೀಟಿಂಗ್ ಶುರುವಾದ ಕೂಡಲೇ 5 ನಿಮಿಷ ಯಾರೂ ಮಾತಾಡದೆ ಎಲ್ಲರೂ ಬರೆಯಲಿ. 6-3-5 ಅನ್ನುವ ಪದ್ಧತಿ ಇದೆ: 6 ಜನ, ತಲಾ 3 ಐಡಿಯಾ, 5 ನಿಮಿಷ, ಆಮೇಲೆ ಹಾಳೆ ಪಕ್ಕದವರ ಕೈಗೆ. ನಿಮಗೆ ಒಂದೇ ಸುತ್ತು ಸಾಕು. ಎಲ್ಲರದ್ದೂ ಓದಿದ ಮೇಲೆ ಚರ್ಚೆ. ಹಾಗಂತ ಮಾತುಗಾರರನ್ನು ಸುಮ್ಮನಾಗಿಸಬೇಡಿ, ಮಾತಾಡಿದರೇ ಅವರಿಗೆ ವಿಷಯ ಸ್ಪಷ್ಟವಾಗುವುದು, ಅಲ್ವಾ?

ತೀರ್ಮಾನವನ್ನು ಮರುದಿನ ಮಧ್ಯಾಹ್ನದವರೆಗೆ ತೆರೆದಿಡಿ. ಸಂಜೆ ಬರುವ ಮೆಸೇಜನ್ನೂ ಅದರಲ್ಲಿ ಸೇರಿಸಿಕೊಳ್ಳಿ.

ಎಲ್ಲರ ಮುಂದೆ ಥಟ್ಟನೆ ಟೆಸ್ಟರ್ ಹೆಸರು ಕರೆದು 'ನೀವೇನಂತೀರಿ' ಅಂತ ಮಾತ್ರ ಕೇಳಬೇಡಿ. ಅವರು ಸುಮ್ಮನಿರಲು ಬೇರೆ ಕಾರಣವೂ ಇರಬಹುದು, ಹಿಂದೆ ಯಾರೋ ಅವರ ಮಾತನ್ನು ಅರ್ಧಕ್ಕೇ ತಡೆದಿರಲೂಬಹುದು. ಅದನ್ನು ಇಲ್ಲಿಂದ ಹೇಳಲಾಗದು, ಒಬ್ಬರೇ ಸಿಕ್ಕಾಗ ನೀವೇ ಕೇಳಿ ನೋಡಿ.