ಅಟ್ಟದ ಮೇಲಿನ ಆಕ್ಸಿಜನ್ ಮೆಷಿನ್ ದಾನ ಕೊಡುವ ಮುಂಚೆ

ಓದುಗರ ಪ್ರಶ್ನೆ, ಶ್ವಾಸಕೋಶ ತಜ್ಞರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಕೊರೊನಾ ಕಾಲದಲ್ಲಿ ತಂದ ಮೆಷಿನ್ ಈಗ ಯಾರಿಗಾದರೂ ಕೊಡಬಹುದಾ ಅಂತ. ಹೋದ ಮಳೆಗಾಲದಲ್ಲೂ ಇದನ್ನೇ ಕೇಳಿದ್ದಿರಿ. ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ. ಉಳಿದ ಪ್ರಶ್ನೆಗಳಿಗೆ ಕೊನೆಯಲ್ಲಿ ಒಂದೊಂದು ಮಾತು, ಅಷ್ಟೇ.

ಪ್ರಶ್ನೆ: 2021ರ ಮೇ ತಿಂಗಳಲ್ಲಿ ಅಪ್ಪನಿಗೆ ಅಂತ 5 ಲೀಟರ್‌ನ (ಅಂದರೆ ನಿಮಿಷಕ್ಕೆ ಅಷ್ಟು ಕೊಡುವ) ಆಕ್ಸಿಜನ್ ಕಾನ್ಸಂಟ್ರೇಟರ್ ತಂದೆವು. ಅವರು ಹುಷಾರಾದ ಮೇಲೆ ಅಟ್ಟಕ್ಕೆ ಹಾಕಿದ್ದೆವು. ಪಕ್ಕದ ಊರಿನ ಒಬ್ಬರು ಅಜ್ಜಿಗೆ ತುಂಬ ಉಬ್ಬಸವಂತೆ, ಬಡವರು. ಮೊನ್ನೆ ಮೆಷಿನ್ ಹಾಕಿ ನೋಡಿದೆವು. ಚೆನ್ನಾಗಿ ಓಡುತ್ತದೆ, ಲೋಟದ ನೀರಲ್ಲಿ ಗುಳ್ಳೆಯೂ ಬರುತ್ತದೆ. ಕೊಡಬಹುದಲ್ವಾ ಡಾಕ್ಟ್ರೇ? (ಕುಂದಾಪುರದಿಂದ)

ಉತ್ತರ: ಕೊಡಬಹುದು. ಆದರೆ ಈಗಿರುವ ಹಾಗೇ ಅಲ್ಲ. ಆ ಅಜ್ಜಿಗೇ ಕೊಡಬೇಕಾ ಅನ್ನುವುದೂ ಇನ್ನೂ ತೀರ್ಮಾನ ಆಗಿಲ್ಲ.

ಮೊದಲು ಆ ಗುಳ್ಳೆಯ ಭ್ರಮೆ ಬಿಡಿ. ಗುಳ್ಳೆ ಬಂದರೆ ನಳಿಕೆಯಲ್ಲಿ ಗಾಳಿ ಬರುತ್ತಿದೆ ಅಂತ ಅರ್ಥ. ಆ ಗಾಳಿಯಲ್ಲಿ ಆಕ್ಸಿಜನ್ ಎಷ್ಟಿದೆ ಅಂತ ಗುಳ್ಳೆ ಹೇಳುವುದಿಲ್ಲ. ಮೀನಿನ ತೊಟ್ಟಿಯ ಪಂಪಿನಿಂದಲೂ ಗುಳ್ಳೆ ಬರುತ್ತದೆ.

ಈ ಮೆಷಿನ್ ಆಕ್ಸಿಜನ್ ತಯಾರು ಮಾಡುವುದಿಲ್ಲ, ಕೋಣೆಯ ಗಾಳಿಯನ್ನೇ ಎಳೆದುಕೊಂಡು ಸೋಸುತ್ತದೆ. ಗಾಳಿಯಲ್ಲಿ ಶೇಕಡಾ 78 ನೈಟ್ರೋಜನ್, 21 ಆಕ್ಸಿಜನ್. ಮೆಷಿನ್ನಿನ ಹೊಟ್ಟೆಯಲ್ಲಿ ಎರಡು ಸಿಲಿಂಡರ್ ಇರುತ್ತವೆ, ಅವುಗಳ ತುಂಬ ಜಿಯೋಲೈಟ್ ಅನ್ನುವ ಸಣ್ಣ ಸಣ್ಣ ಕಾಳು. ಒತ್ತಡದಲ್ಲಿ ಗಾಳಿ ನುಗ್ಗಿದಾಗ ಆ ಕಾಳು ನೈಟ್ರೋಜನ್ನನ್ನು ಹಿಡಿದಿಟ್ಟುಕೊಂಡು ಆಕ್ಸಿಜನ್ನನ್ನು ಮುಂದಕ್ಕೆ ಬಿಡುತ್ತದೆ. ಒಂದು ಹಿಡಿಯುವಾಗ ಇನ್ನೊಂದು ಖಾಲಿ ಮಾಡಿಕೊಳ್ಳುತ್ತದೆ. ಆಗಾಗ ಪುಸ್ ಅನ್ನುತ್ತದಲ್ಲ, ಅದು ಆ ನೈಟ್ರೋಜನ್ ಹೊರಗೆ ಹೋಗುವ ಸದ್ದು. ಎಲ್ಲ ಸರಿಯಿದ್ದರೆ ಹೊರಬರುವ ಗಾಳಿಯಲ್ಲಿ 90ರಿಂದ 96ರಷ್ಟು ಆಕ್ಸಿಜನ್ ಇರುತ್ತದೆ.

ಈ ಜಿಯೋಲೈಟಿಗೆ ತೇವ ಆಗಿಬರುವುದಿಲ್ಲ. ನೈಟ್ರೋಜನ್ ಹಿಡಿಯಬೇಕಾದ ಜಾಗದಲ್ಲಿ ನೀರಿನ ಅಂಶ ಬಂದು ಕೂರುತ್ತದೆ, ಕೂತರೆ ಸುಲಭಕ್ಕೆ ಬಿಡುವುದಿಲ್ಲ. ಮಳೆಗಾಲದಲ್ಲಿ ಮುಚ್ಚಳ ಹಾಕದೆ ಬಿಟ್ಟ ಉಪ್ಪು ಏನಾಗುತ್ತದೆ ಅಂತ ಕುಂದಾಪುರದವರಿಗೆ ನಾನು ಹೇಳಬೇಕಾಗಿಲ್ಲ. ವರ್ಷಗಟ್ಟಲೆ ಅಟ್ಟದ ಮೇಲಿದ್ದ ಮೆಷಿನ್ ಓಡುತ್ತದೆ, ಪುಸ್ ಅನ್ನುತ್ತದೆ, ಗುಳ್ಳೆಯನ್ನೂ ಬಿಡುತ್ತದೆ. ಆದರೆ 60ರಷ್ಟೇ ಆಕ್ಸಿಜನ್ ಕೊಡುತ್ತಿರಬಹುದು. ಅಜ್ಜಿ ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಗುಣವಾಗುತ್ತದೆ ಅಂತ ಕಾಯುತ್ತಾ ಇರುತ್ತಾರೆ.

ಇನ್ನು ನೀವು ಬರೆದು ಕಳಿಸುವ ಪರೀಕ್ಷೆಗಳು. ‘ನಾನೇ ಹಾಕಿಕೊಂಡೆ, ಬೆರಳಿನ ಮೀಟರಲ್ಲಿ 97 ಇದ್ದದ್ದು 99 ಆಯ್ತು’ ಅಂತ ಒಬ್ಬರು. ಆ ಮೀಟರು ತೋರಿಸುವುದು ರಕ್ತದಲ್ಲಿನ ಆಕ್ಸಿಜನ್, ಮೆಷಿನ್ನಿನದ್ದಲ್ಲ. ಆರೋಗ್ಯವಂತರು ನಾಲ್ಕು ಸಲ ಉಸಿರು ಎಳೆದು ಬಿಟ್ಟರೂ 99 ಆಗುತ್ತದೆ. ‘ನಳಿಕೆ ಮುಂದೆ ಊದಿನಕಡ್ಡಿ ಹಿಡಿದೆ, ಕೆಂಡ ಝಗ್ ಅಂತು’ ಅಂತ ಇನ್ನೊಬ್ಬರು. ದಯವಿಟ್ಟು ಇದನ್ನು ಮಾಡಲೇಬೇಡಿ. ಶಾಲೆಯ ಪ್ರಯೋಗ ಶಾಲೆಯಲ್ಲೇ ಇರಲಿ. ಪ್ಲಾಸ್ಟಿಕ್ ನಳಿಕೆಗೆ ಬೆಂಕಿ ಹಿಡಿದರೆ ಒಳಗಿನ ಆಕ್ಸಿಜನ್ ಅದನ್ನು ಇನ್ನಷ್ಟು ಉರಿಸುತ್ತದೆ.

ಇರುವುದು ಒಂದೇ ಪರೀಕ್ಷೆ. ಆಕ್ಸಿಜನ್ ಅನಲೈಸರ್ ಅಂತ ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಉಪಕರಣ ಇದೆ. ಮೆಷಿನ್ ಮಾರಿದ ಕಂಪನಿಯ ಸರ್ವಿಸ್‌ನವರ ಹತ್ತಿರ ಇರುತ್ತದೆ, ದೊಡ್ಡ ಆಸ್ಪತ್ರೆಯ ಬಯೋಮೆಡಿಕಲ್ ವಿಭಾಗದಲ್ಲಿ ಇರುತ್ತದೆ. ಮೆಷಿನ್ನನ್ನು ಇಪ್ಪತ್ತು ನಿಮಿಷ ಓಡಿಸಿ. ಆಮೇಲೆ 1 ಲೀಟರಿಗೆ ಇಟ್ಟು ಒಂದು ಸಲ, 5 ಲೀಟರಿಗೆ ಇಟ್ಟು ಒಂದು ಸಲ ಅಳೆಸಿ. ಎರಡನೆಯದು ಯಾಕೆ ಅಂದರೆ, 2021ರಲ್ಲಿ ಸಿಕ್ಕಿದ್ದೆಲ್ಲ ಮಾರಾಟ ಆಯಿತು. ಕೆಲವು ಅಗ್ಗದ ಮೆಷಿನ್ನುಗಳು 1 ಲೀಟರಿನಲ್ಲಿ 90 ತೋರಿಸಿ, ಗುಂಡಿ ಮೇಲಕ್ಕೆ ತಿರುಗಿಸಿದ ಹಾಗೆಲ್ಲ 40, 30ಕ್ಕೆ ಇಳಿಯುವಂಥವು. ಅವು ಹೊಸದರಲ್ಲೇ ಹಾಗೆ. 82ಕ್ಕಿಂತ ಕೆಳಗೆ ಹೋದರೆ ಮೆಷಿನ್ ತಾನೇ ಕೂಗಿ ಎಚ್ಚರಿಸಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ. ನಿಮ್ಮದರಲ್ಲಿ ಆ ಅಲಾರಂ ಇದೆಯಾ ನೋಡಿ. 5 ಲೀಟರಿನಲ್ಲಿ 90 ಬಂದರೆ ಕೊಡಲು ಯೋಗ್ಯ. ಬರಲಿಲ್ಲ ಅಂದರೆ ಜಿಯೋಲೈಟ್ ಬದಲಿಸಲು ಎಷ್ಟಾಗುತ್ತದೆ ಕೇಳಿ. ಆ ಖರ್ಚು ನಿಮ್ಮದೇ ಆಗಿರಲಿ, ಅಜ್ಜಿ ತಲೆಗೆ ಕಟ್ಟಬೇಡಿ. ಅದೂ ಆಗದಿದ್ದರೆ ಗುಜರಿಗೆ ಹಾಕಿ. ಸುಮ್ನೆ ಕೊಟ್ಟು ಪುಣ್ಯ ಬಂತು ಅಂದುಕೊಳ್ಳಬೇಡಿ.

ಮೂಗಿನ ನಳಿಕೆ, ಉದ್ದದ ಟ್ಯೂಬು, ನೀರಿನ ಬಾಟಲಿ, ಇವು ಮೂರೂ ಹೊಸದಾಗಿರಬೇಕು. ಇದನ್ನು ಚರ್ಚೆ ಮಾಡುವುದೇ ಬೇಡ.

ಈಗ ಅಜ್ಜಿಯ ವಿಷಯ. ಉಬ್ಬಸ ಇದ್ದವರಿಗೆಲ್ಲ ಆಕ್ಸಿಜನ್ ಬೇಕಾಗಿಲ್ಲ. ರಕ್ತ ಕಡಿಮೆಯಾದರೂ ಏದುಸಿರು ಬರುತ್ತದೆ, ಹೃದಯ ಸೋತರೂ ಬರುತ್ತದೆ. ಅಸ್ತಮಾ ಆಗಿದ್ದರೆ ದಿನಾ ಬೇಕಾದದ್ದು ಇನ್‌ಹೇಲರ್. ಸೌದೆ ಒಲೆಯ ಮುಂದೆ ಜೀವನ ಕಳೆದ ಹೆಂಗಸರಿಗೆ, ಬೀಡಿ ಸೇದಿದ ಗಂಡಸರಿಗೆ ಬರುವ ಸಿಒಪಿಡಿಯಲ್ಲಿ (ಶ್ವಾಸನಾಳ ಕಿರಿದಾಗಿ ಹಾಗೇ ಉಳಿದುಬಿಡುವ ಕಾಯಿಲೆ) ಸಹ, ಸುಮ್ಮನೆ ಕೂತಿದ್ದಾಗಲೂ ಬೆರಳಿನ ಮೀಟರು 88 ಅಥವಾ ಅದಕ್ಕಿಂತ ಕೆಳಗೆ ನಿಂತವರಿಗೇ ಮನೆಯ ಆಕ್ಸಿಜನ್. ಅದನ್ನೂ ಅಪಧಮನಿಯ ರಕ್ತದಲ್ಲಿ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಅಂತ ಅಳೆಯುವ ಎಬಿಜಿ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಂಡ ಮೇಲೆ. ಕೂತಾಗ 89ರಿಂದ 93ರ ನಡುವೆ ಇರುವ, ಇಲ್ಲವೇ ನಡೆದಾಗ ಮಾತ್ರ ಇಳಿಯುವ ಸಿಒಪಿಡಿ ರೋಗಿಗಳಿಗೆ ಕೊಟ್ಟರೆ ಆಯಸ್ಸು ಹೆಚ್ಚಲಿಲ್ಲ, ಆಸ್ಪತ್ರೆ ಸೇರುವುದೂ ತಪ್ಪಲಿಲ್ಲ ಅಂತ 2016ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೇ ಹೇಳಿತು. ನಿಜವಾಗಿ ಬೇಕಾದವರಿಗೆ ದಿನಕ್ಕೆ ಕನಿಷ್ಠ 15 ಗಂಟೆ ಕೊಡಬೇಕು. ‘ಸುಸ್ತಾದಾಗ ಹತ್ತು ನಿಮಿಷ ಹಾಕ್ಕೊಳ್ಳಿ ಅಜ್ಜೀ’ ಅನ್ನುವುದು ಚಿಕಿತ್ಸೆ ಅಲ್ಲ.

ಜಾಸ್ತಿ ಕೊಟ್ಟರೂ ಕಷ್ಟ. ಸಿಒಪಿಡಿಯವರಲ್ಲಿ ನಾವು ಗುರಿ ಇಡುವುದು 88ರಿಂದ 92. ಮೊಮ್ಮಕ್ಕಳು ಪ್ರೀತಿಯಿಂದ ಗುಂಡಿ ತಿರುಗಿಸಿ 99 ಮಾಡಿದರೆ ಕೆಲವರ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಏರುತ್ತದೆ. ಮಂಪರು ಬರುತ್ತದೆ. ‘ಅಜ್ಜಿ ಇವತ್ತು ಚೆನ್ನಾಗಿ ನಿದ್ದೆ ಮಾಡ್ತಿದ್ದಾರೆ’ ಅಂದುಕೊಂಡು ಮನೆಯವರು ಬಾಗಿಲು ಎಳೆದು ಬರುತ್ತಾರೆ. ನನಗೆ ಅತಿ ಹೆದರಿಕೆ ಇರುವುದು ಇದಕ್ಕೇ. ಎಷ್ಟು ಲೀಟರ್ ಅನ್ನುವುದನ್ನು ವೈದ್ಯರು ಚೀಟಿಯಲ್ಲಿ ಬರೆದಿರಬೇಕು. ಮೆಡಿಕಲ್ ಶಾಪಿನ ಹುಡುಗ, ಊರಿನ ಇಂಜೆಕ್ಷನ್ ಡಾಕ್ಟರು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಚೀಟಿ ಇಲ್ಲದವರಿಗೆ ಮೆಷಿನ್ ಕೊಡಬೇಡಿ. ನಾನಂತೂ ನನ್ನ ನೆಂಟರಿಗೂ ಕೊಡುವುದಿಲ್ಲ.

ಯಾರೂ ಕೇಳದ ಇನ್ನೊಂದು ವಿಷಯ ಕರೆಂಟು. 5 ಲೀಟರಿನ ಮೆಷಿನ್ ಸುಮಾರು 350 ವ್ಯಾಟ್ ಎಳೆಯುತ್ತದೆ. ದಿನಕ್ಕೆ 15 ಗಂಟೆ ಅಂದರೆ 5 ಯೂನಿಟ್ ಮೇಲೆ, ತಿಂಗಳಿಗೆ 150 ದಾಟುತ್ತದೆ. ಆ ಮನೆಯಲ್ಲಿ ಈಗ 50 ಯೂನಿಟ್ ಖರ್ಚಾಗುತ್ತಿದ್ದರೂ ಒಟ್ಟು 200 ಮೀರುತ್ತದೆ. ಮೀರಿದರೆ ಗೃಹಜ್ಯೋತಿ ಹೋಯಿತು, ಪೂರ್ತಿ ಬಿಲ್ ಕಟ್ಟಬೇಕು. ಬಿಲ್ಲಿಗೆ ಹೆದರಿ ಮೆಷಿನ್ ಆಫ್ ಮಾಡಿ ಇಡುವವರನ್ನು ನೋಡಿದ್ದೇನೆ. ಮೆಷಿನ್ ಕೊಡುವವರು ಬಿಲ್ಲಿಗೂ ಸ್ವಲ್ಪ ಕೊಡಿ. ಕರೆಂಟು ಹೋದರೆ ಮನೆಯ ಇನ್ವರ್ಟರ್ ಮೂರ್ನಾಲ್ಕು ಗಂಟೆ ಎಳೆದರೆ ದೊಡ್ಡದು. ಮಳೆಗಾಲದಲ್ಲಿ ಎರಡು ದಿನ ಕತ್ತಲಾಗುವ ಊರಾದರೆ ಆಗ ಏನು ಮಾಡುವುದು ಅಂತ ಮೊದಲೇ ಮಾತಾಡಿಕೊಳ್ಳಿ.

ಮೆಷಿನ್ ಇರುವ ಕೋಣೆಯಲ್ಲಿ ಬೀಡಿ, ದೀಪ, ಊದಿನಕಡ್ಡಿ, ಸೊಳ್ಳೆ ಬತ್ತಿ ಯಾವುದೂ ಬೇಡ. ಗೋಡೆಗೆ ಒತ್ತಿ ಇಡಬೇಡಿ. ಹಿಂದಿನ ಸ್ಪಂಜಿನ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆದು, ಪೂರ್ತಿ ಒಣಗಿಸಿ ಹಾಕಬೇಕು. ಇದನ್ನು ಅವರ ಮನೆಯಲ್ಲಿ ಯಾರು ಮಾಡುತ್ತಾರೋ ಅವರ ಕೈಯಿಂದಲೇ ಒಂದು ಸಲ ಮಾಡಿಸಿ ನೋಡಿ.

ಆದಷ್ಟು ದಾನ ಅಂತ ಕೊಡಬೇಡಿ, ಎರವಲು ಅಂತ ಕೊಡಿ. ವಾಸಿಯಾಗದ ಕಾಯಿಲೆಯವರನ್ನು ನೋಡಿಕೊಳ್ಳುವ ಕೇರಳದ ಪ್ಯಾಲಿಯೇಟಿವ್ ಘಟಕಗಳು ಮಂಚ, ಗಾಳಿ ಹಾಸಿಗೆ, ಕಾನ್ಸಂಟ್ರೇಟರ್ ಎಲ್ಲವನ್ನೂ ಹೀಗೆ ಕೊಟ್ಟು ವಾಪಸ್ ತರುತ್ತವೆ. ನಿಮ್ಮ ಹತ್ತಿರ ಅಂಥ ಘಟಕ ಇದ್ದರೆ ಅವರಿಗೇ ಒಪ್ಪಿಸಿ. ಇಲ್ಲದಿದ್ದರೆ ಮೆಷಿನ್ನಿನ ಮೇಲೆ ನಿಮ್ಮ ಫೋನ್ ನಂಬರು, ಅಳೆಸಿದ ತಾರೀಕು, ಬಂದ ಶೇಕಡಾವಾರು ಬರೆದು ಅಂಟಿಸಿ. ಇಲ್ಲವಾದರೆ ಅದು ಇನ್ನೊಬ್ಬರ ಅಟ್ಟ ಸೇರುತ್ತದೆ.

ಪ್ರಶ್ನೆ: ತೀರಿಕೊಂಡ ತಾಯಿಯ ಅರ್ಧ ಉಳಿದ ಇನ್‌ಹೇಲರ್ ಬೇರೆಯವರಿಗೆ ಕೊಡಬಹುದೇ?
ಉತ್ತರ: ಬೇಡ.

ಪ್ರಶ್ನೆ: ನೆಬ್ಯುಲೈಸರ್?
ಉತ್ತರ: ಮೆಷಿನ್ ಕೊಡಿ, ಮಾಸ್ಕು ಮತ್ತು ಔಷಧ ಹಾಕುವ ಕಪ್ ಹೊಸದು ತೆಗೆದುಕೊಡಿ. ಅದರಿಂದ ಬರುವುದು ಔಷಧದ ಮಂಜು, ಆಕ್ಸಿಜನ್ ಬರುವುದಿಲ್ಲ ಅಂತಲೂ ಹೇಳಿ ಕೊಡಿ, ಬರುತ್ತದೆ ಅಂತ ನಂಬಿದವರು ಬಹಳ.

ಪ್ರಶ್ನೆ: ಆಗ ಬಾಡಿಗೆಗೆ ತಂದ ಆಕ್ಸಿಜನ್ ಸಿಲಿಂಡರ್ ಮನೆಯಲ್ಲೇ ಉಳಿದಿದೆ, ಯಾರಿಗಾದರೂ ಕೊಡಲೇ?
ಉತ್ತರ: ಅದು ನಿಮ್ಮದಲ್ಲ. ಏಜೆನ್ಸಿಗೆ ವಾಪಸ್ ಕೊಡಿ. ಸಿಲಿಂಡರಿಗೆ ಕಾಲಕಾಲಕ್ಕೆ ಒತ್ತಡದ ಪರೀಕ್ಷೆ ಆಗಬೇಕು, ಮಂಚದ ಕೆಳಗೆ ಅದು ಆಗುವುದಿಲ್ಲ.

ಪ್ರಶ್ನೆ: ಮೆಷಿನ್ ಸಿಗುವವರೆಗೆ ಕರ್ಪೂರ, ಓಮ, ಲವಂಗದ ಗಂಟು ಮೂಸಿದರೆ ಆಕ್ಸಿಜನ್ ಏರುತ್ತದಂತೆ, ಹೌದೇ?
ಉತ್ತರ: ಇಲ್ಲ. 2021ರಲ್ಲೂ ಏರಲಿಲ್ಲ, ಈಗಲೂ ಏರುವುದಿಲ್ಲ. ಮೀಟರು 90ಕ್ಕಿಂತ (ಸಿಒಪಿಡಿಯವರಾದರೆ 88ಕ್ಕಿಂತ) ಕೆಳಗಿದ್ದರೆ ಗಂಟು ಕಟ್ಟುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.